ಆನೆಯ ಹೆದರಿಕೆಯೂ ಅಲ್ಲ, ತಾಯಿಯ ತಪ್ಪೂ ಅಲ್ಲ

ಬೆಳಗೋಡಿನ ಕಡೆ ಊರುಗಳಲ್ಲಿ ಏನೇ ಕೆಟ್ಟದ್ದಾದರೂ ಅದಕ್ಕೊಂದು ಆನೆ ಇದ್ದೇ ಇರುತ್ತೆ. ಬಾಳೆ ಮುರಿದರೆ ಆನೆ, ಬೇಲಿ ಬಿದ್ದರೆ ಆನೆ, ಬಸ್ಸು ತಡವಾದರೂ ಆನೆ. ಹಂಗಾಗಿ ರಾಮಮ್ಮನ ಮೊಮ್ಮಗ ಲೋಹಿತ್‌ಗೆ ನಾಲ್ಕು ವರ್ಷ ತುಂಬಿದರೂ ಮಾತು ಬರದಿದ್ದಾಗ, ಊರಿನವರು ಆ ಪಾಪವನ್ನೂ ಆನೆ ತಲೆಗೇ ಕಟ್ಟಿದರು.

ಸೊಸೆ ಚಂದ್ರಿಕಾ ಬಸುರಿಯಾಗಿದ್ದಾಗ ಕಾಫಿ ಕುಯ್ಯೋಕೆ ಹೋಗಿ ಒಂಟಿ ಸಲಗ ಕಂಡು ಬೆಚ್ಚಿಬಿದ್ದಿದ್ದಳು. ಅಷ್ಟೇ ಸಾಕಾಯ್ತು ರಾಮಮ್ಮನಿಗೆ. "ಬ್ಯಾಡ ಬ್ಯಾಡ ಅಂದ್ರೂ ತೋಟಕ್ಕೆ ಹೋದ್ಲು ಕಣ್ರೀ. ಇವಳು ಬೆಚ್ಚಿದ್ದಕ್ಕೆ ಹೊಟ್ಟೇಲಿದ್ದ ಕೂಸಿನ ನಾಲಿಗೆ ಕಟ್ಕೊಂಡ್ಬುಡ್ತು!" ಅಂತ ಮನೆಗೆ ಬಂದವರಿಗೆಲ್ಲ ಹೇಳೋದು. ಒಳಗೆ ಚಂದ್ರಿಕಾ ಸೆರಗಲ್ಲಿ ಕಣ್ಣೊರೆಸಿಕೊಳ್ಳೋದು. ಮಗ ಪ್ರದೀಪ ಎಸ್ಟೇಟಿನಲ್ಲಿ ಡ್ರೈವರ್, ಬೆಳಗ್ಗೆ ಹೋದರೆ ಸಂಜೆಗೇ ಬರೋನು. ಅತ್ತೆ ಸೊಸೆ ನಡುವೆ ತಲೆ ಹಾಕೋ ಧೈರ್ಯ ಅವನಿಗಿರಲಿಲ್ಲ.

ಹಾಗಂತ ರಾಮಮ್ಮ ಕಲ್ಲೆದೆಯವಳಲ್ಲ. ಮೊಮ್ಮಗ ಅಂದರೆ ಪ್ರಾಣ. ಆದರೆ ಹೆಸರು ಹಿಡಿದು ಕೂಗಿದರೆ ಅವನು ತಿರುಗೋದಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡೋದಿಲ್ಲ. ಪಾತ್ರೆ ಮುಚ್ಚಳ ಗಿರಗಿರ ತಿರುಗಿಸುತ್ತಾ ಗಂಟೆಗಟ್ಟಲೆ ಕೂರುತ್ತಾನೆ. ಆನೆ ಓಡಿಸೋಕೆ ಪಟಾಕಿ ಹೊಡೆದರಂತೂ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. "ಸಾಯೋದ್ರೊಳಗೆ ಈ ಕೂಸು ನನ್ನ ಒಂದ್ಸಲ ಕರೆದ್ರೆ ಸಾಕಪ್ಪಾ ದೇವ್ರೇ," ಅನ್ನೋದೊಂದೇ ಅವಳ ಹರಕೆ.

ಒಂದು ದಿನ ಆಶಾ ಕಾರ್ಯಕರ್ತೆ ಗಂಗಾಮಣಿ ಬಂದಳು. "ದೊಡ್ಡಮ್ಮ, ಅಂಗನವಾಡಿಗೆ ಮಕ್ಕಳನ್ನ ತಪಾಸಣೆ ಮಾಡೋ ಡಾಕ್ಟ್ರು ಬಂದಿದ್ರು. ಲೋಹಿತ್‌ನ ಹಾಸನದ ಜಿಲ್ಲಾ ಆಸ್ಪತ್ರೆಗೆ ತೋರ್ಸಿ ಅಂದವ್ರೆ. ಆಟಿಸಂ ಇರ್ಬೋದಂತೆ."

"ಏನೇ ಅದು? ನಮ್ಮ ಹುಡುಗನಿಗೆ ಹುಚ್ಚು ಅಂತ ಪಟ್ಟ ಕಟ್ಟೋಕೆ ಬಂದ್ಯಾ?"

"ಹುಚ್ಚಲ್ಲ ದೊಡ್ಡಮ್ಮ. ಹುಟ್ಟಿನಿಂದಲೇ ಅವನ ಮೆದುಳು ಬೆಳೆಯೋ ರೀತಿ ಬೇರೆ. ನಮಗೆ ಸಣ್ಣದು ಅನ್ಸೋ ಸದ್ದು ಅವನಿಗೆ ಸಿಡಿಲು ಹೊಡೆದಂಗೆ ಕೇಳ್ಬೋದು. ಬೇಗ ಕಲ್ಸೋಕೆ ಶುರು ಮಾಡಿದ್ರೆ ಎಷ್ಟೋ ಕಲೀತಾನೆ."

"ಹೋಗೇ ಹೋಗೇ! ಭಯ ಇಳಿಸಿದ್ರೆ ಮಾತು ತಾನಾಗೇ ಬರ್ತೈತೆ. ಹೆಂಗೆ ಇಳಿಸ್ಬೇಕು ಅಂತ ನನಗೆ ಗೊತ್ತೈತೆ."

ಅವಳ ಅದೃಷ್ಟಕ್ಕೋ ದುರದೃಷ್ಟಕ್ಕೋ, ಅದೇ ವಾರ ಕಾಡಾನೆ ಹಿಡಿಯೋಕೆ ಅಂತ ಸಾಕಾನೆಗಳು ಬಂದು ಊರಾಚೆ ಬೀಡುಬಿಟ್ಟವು. ಆನೆ ಹೊಟ್ಟೆ ಕೆಳಗೆ ನುಸುಳಿಸಿದರೆ ಮಕ್ಕಳ ಭಯ ಬಿಟ್ಟುಹೋಗುತ್ತೆ ಅನ್ನೋದು ಹಳಬರ ನಂಬಿಕೆ. ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು ಅಂದುಕೊಂಡು, ಚಂದ್ರಿಕಾ ತೋಟದಲ್ಲಿದ್ದಾಗ ರಾಮಮ್ಮ ಯಾರಿಗೂ ಹೇಳದೆ ಮೊಮ್ಮಗನ ಕೈ ಹಿಡಿದು ಹೊರಟಳು.

ಅಲ್ಲಿ ಜನವೋ ಜನ. ಜೀಪಿನ ಹಾರನ್, ಸರಪಳಿ ಸದ್ದು, ವಿಡಿಯೋ ಮಾಡೋರ ಗದ್ದಲ. ಲೋಹಿತ್ ಕಿವಿ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತುಬಿಟ್ಟ. "ಬಾ ಮಗಾ, ಒಂದೇ ಸಲ ಕಣೋ," ಅಂತ ರಾಮಮ್ಮ ಎಳೆದಳು. ಹುಡುಗ ಅವಳ ಕೈ ಕಚ್ಚಿ, ಬಿಡಿಸಿಕೊಂಡು, ಕಣ್ಣು ಮಿಟುಕಿಸೋದರೊಳಗೆ ಕಾಫಿ ಗಿಡಗಳ ನಡುವೆ ಮಾಯವಾದ.

"ಲೋಹಿತಾ! ಲೋಹಿತಾ!" ಊರಿಗೆ ಊರೇ ಕೂಗಿತು. ಉತ್ತರ ಎಲ್ಲಿಂದ ಬರಬೇಕು? ಅತ್ತ ಕಾಡಾನೆ ಓಡಾಡೋ ತೋಟ, ಇತ್ತ ಮಾತು ಬಾರದ ಕೂಸು. ರಾಮಮ್ಮ ಗಿಡದ ಸಾಲು ಸಾಲಲ್ಲೂ ಹುಡುಕಾಡಿದಳು.

ಸುದ್ದಿ ತಿಳಿದು ಚಂದ್ರಿಕಾ, ಗಂಗಾಮಣಿ ಇಬ್ಬರೂ ಓಡಿಬಂದರು. "ಎಲ್ರೂ ಸುಮ್ಕಿರ್ರೀ!" ಗಂಗಾಮಣಿ ಗದರಿದಳು. "ನೀವು ಕೂಗಿದಷ್ಟೂ ಅವನು ಹೆದರಿ ದೂರ ಹೋಗ್ತಾನೆ. ಇಂಥ ಮಕ್ಕಳಿಗೆ ನೀರಿನ ಸೆಳೆತ ಜಾಸ್ತಿ, ಕಾಣದಿದ್ರೆ ನಾವು ಮೊದಲು ನೀರಿನ ಕಡೆ ಓಡ್ಬೇಕು. ಹತ್ರದಲ್ಲಿ ನೀರೆಲ್ಲೈತೆ?"

ತೋಟದ ಕೆರೆ! ಚಂದ್ರಿಕಾ ಬಿದ್ದಂಬೀಳ ಓಡಿದಳು. ಲೋಹಿತ್ ದಂಡೆಯಲ್ಲಿ ಪಾದ ಮುಳುಗಿಸಿಕೊಂಡು ನೀರಿನ ಅಲೆ ನೋಡುತ್ತಾ ನಿಂತಿದ್ದ. ಇನ್ನೊಂದು ಹೆಜ್ಜೆಗೆ ಆಳ. ಚಂದ್ರಿಕಾ ಕೂಗಲಿಲ್ಲ. ಮೆಲ್ಲಗೆ ಹಿಂದಿನಿಂದ ಹೋಗಿ ಅವನನ್ನು ಬಿಗಿಯಾಗಿ ಅಪ್ಪಿ ಹಿಡಿದಳು. ಹುಡುಗ ತಾಯಿಯ ಭುಜಕ್ಕೆ ತಲೆಯಿಟ್ಟ. ಹಿಂದೆಯೇ ಓಡಿಬಂದಿದ್ದ ರಾಮಮ್ಮ ಅದನ್ನ ನೋಡಿ ಗೊಳೋ ಅಂತ ಅತ್ತುಬಿಟ್ಟಳು.

"ಗಂಗಾಮಣಿ, ಹಾಸನಕ್ಕೆ ಯಾವಾಗ ಹೋಗೋದವ್ವಾ? ನಾನೂ ಬರ್ತೀನಿ," ಅಂದಳು.

ಹಾಸನದ ಡಾಕ್ಟರಮ್ಮ ಮೊದಲು ಹುಡುಗನ ಕಿವಿ ಪರೀಕ್ಷೆ ಮಾಡಿಸಿದರು. ಆಮೇಲೆ ಅವನು ಆಡೋದನ್ನ ನೋಡಿದರು, ಮನೆಯವರನ್ನ ಒಂದೊಂದೇ ಕೇಳಿದರು. ಇದು ಆಟಿಸಂ ಅಂತಲೇ ಹೇಳಿದರು.

"ಬಸುರೀಲಿ ಆನೆ ಕಂಡು ಬೆಚ್ಚಿದ್ದಕ್ಕೆ ಅಲ್ವಾ ಡಾಕ್ಟ್ರೇ?"

"ಅಲ್ಲ ಅಜ್ಜಿ. ಆನೆಯಿಂದಲೂ ಅಲ್ಲ, ನಿಮ್ಮ ಸೊಸೆಯಿಂದಲೂ ಅಲ್ಲ. ಯಾರ ತಪ್ಪೂ ಅಲ್ಲ. ಮಾತ್ರೆಯಿಂದ ವಾಸಿಯಾಗೋ ಕಾಯಿಲೆನೂ ಇದಲ್ಲ. ಅವನ ರೀತಿಯಲ್ಲಿ ಕಲಿಸಿದರೆ ಅವನು ಕಲೀತಾನೆ."

ಬಸ್ಸಲ್ಲಿ ಬರುವಾಗ ಆಲೂರು ದಾಟುತ್ತಲೇ ರಾಮಮ್ಮ ಎದ್ದು ಸೊಸೆಯ ಪಕ್ಕಕ್ಕೆ ಬಂದು ಕೂತಳು. ಆಮೇಲೆ ಸೊಸೆಯ ಕೈ ಹಿಡಿದು, "ತಪ್ಪಾಯ್ತು ಕಣವ್ವ. ಇಷ್ಟು ವರ್ಷ ನಿನ್ನ ಸುಮ್ಸುಮ್ನೆ ಸುಟ್ಟುಬುಟ್ಟೆ," ಅಂದಳು. ಚಂದ್ರಿಕಾಗೆ ಅಳುವೂ ಬಂತು, ಎದೆಯೂ ಹಗುರಾಯ್ತು.

ಅಲ್ಲಿಂದ ಶುರುವಾಯ್ತು ನೋಡಿ! ಆಸ್ಪತ್ರೆಯಲ್ಲಿ ಹೇಳಿಕೊಟ್ಟಂತೆ ಚಂದ್ರಿಕಾ ಚಿತ್ರದ ಕಾರ್ಡು ಮಾಡಿದಳು. ನೀರು, ಊಟ, ಕಕ್ಕಸಿಗೆ ಚಿತ್ರ; ಅಮ್ಮ, ಅಪ್ಪ, ಅಜ್ಜಿಗೆ ಅವರವರ ಫೋಟೋ. ಬೇಕಾದ್ದರ ಕಾರ್ಡು ತೆಗೆದು ಕೊಡೋದನ್ನ ಹುಡುಗ ನಿಧಾನಕ್ಕೆ ಕಲಿತ. ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರ ನೆರವಿನಿಂದ ಅಂಗವಿಕಲರಿಗೆ ಸರ್ಕಾರ ಕೊಡೋ ಯುಡಿಐಡಿ ಗುರುತಿನ ಚೀಟಿಯೂ ಆಯ್ತು. ಊರಿನ ಹುಡುಗರು ಪಟಾಕಿ ಹೊಡೆಯೋ ಮುಂಚೆ ಪ್ರದೀಪನಿಗೊಂದು ಫೋನು ಮಾಡತೊಡಗಿದರು. ಹುಡುಗನ ಕಿವಿಗೆ ಹತ್ತಿ ಇಟ್ಟು ಒಳಗೆ ಕೂರಿಸೋಕೆ ಅಷ್ಟು ಸಾಕಾಗಿತ್ತು.

ಲೋಹಿತ್‌ಗೆ ಆರು ತುಂಬಿದಾಗ ಪಕ್ಕದ ಮನೆ ಭೂತಯ್ಯ ಕೇಳಿದ: "ಅಲ್ಲ ರಾಮಕ್ಕ, ಇಂಥವನನ್ನ ಸ್ಕೂಲಿಗೆ ಸೇರಿಸ್ಕೊಳ್ತಾರಾ?"

"ಸೇರಿಸ್ಕೊಳ್ಳೇಬೇಕು ಕಣಯ್ಯ, ಕಾನೂನೇ ಐತೆ! ನಿನ್ನ ಮೊಮ್ಮಗ ಹೋಗೋ ಸ್ಕೂಲಿಗೇ ನನ್ನ ಮೊಮ್ಮಗನೂ ಹೋಗ್ತಾನೆ!"

ಹೋದ. ಕಾರ್ಡುಗಳೂ ಅವನ ಚೀಲದಲ್ಲಿ ಹೋದವು. ಟೀಚರ್ ಚೈತ್ರಶ್ರೀ ಅವನನ್ನ ಕಿಟಕಿ ಪಕ್ಕ ಕೂರಿಸಿದರು. ಬೆಲ್ ಹೊಡೆಯೋ ಮುಂಚೆ ಅವನಿಗೆ ಸನ್ನೆ ಮಾಡಬೇಕು ಅಂತ ಮಕ್ಕಳಿಗೆ ಹೇಳಿಕೊಟ್ಟರು. ಮಕ್ಕಳು ದೊಡ್ಡವರಿಗಿಂತ ಬೇಗ ಕಲಿತವು.

ಒಂದು ಮಧ್ಯಾಹ್ನ ಟೀಚರ್ ಫೋನು ಬಂತು. "ಅಜ್ಜಿ, ಗಾಬರಿ ಆಗಬೇಡಿ. ಲೋಹಿತ್ ಆಡ್ತಾ ಬಿದ್ದು ಮಂಡಿ ತರಚಿದೆ. ಅಳ್ತಾ ಬಂದು ಕಾರ್ಡೆಲ್ಲ ಹುಡುಕಿ ಒಂದನ್ನ ನನ್ನ ಕೈಗಿಟ್ಟ. ನಿಮ್ಮ ಫೋಟೋ ಅಜ್ಜಿ. ನಿಮ್ಮನ್ನ ಕರೀತಿದಾನೆ."

ರಾಮಮ್ಮ ಚಪ್ಪಲಿ ಮೆಟ್ಟಲಿಲ್ಲ, ಬಾಗಿಲು ಎಳೆದುಕೊಳ್ಳಲಿಲ್ಲ. ಸ್ಕೂಲಿನ ಏರು ದಾರಿಯಲ್ಲಿ ಅರವತ್ತೈದರ ಮುದುಕಿ ಹುಡುಗಿಯಂಗೆ ಓಡಿದಳು. ಎದುರಿಗೆ ಸಿಕ್ಕವರಿಗೆಲ್ಲ ಒಂದೇ ಮಾತು: "ನನ್ ಮೊಮ್ಮಗ ನನ್ನ ಕರೆದವ್ನೆ ಕಣ್ರೋ! ನನ್ನ ಕರೆದವ್ನೆ!"

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹೆಸರು ಕೂಗಿದರೆ ತಿರುಗದ, ಮಾತು ತಡವಾದ, ಕಣ್ಣು ಸೇರಿಸದ ಮಗು ಇದೆಯಾ? ತಾಯಿಯನ್ನ ದೂರಬೇಡಿ. ಮಗುವನ್ನ ಬಚ್ಚಿಡಬೇಡಿ. ದೊಡ್ಡವನಾದ ಮೇಲೆ ಸರಿಹೋಗ್ತಾನೆ ಅಂತ ಕಾಯಬೇಡಿ. ನಾಳೆಯೇ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಕೇಳಿ, ಜಿಲ್ಲಾ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಸ್ಕೂಲಿಗೆ ಸೇರಿಸಿ, ಅದು ಆ ಮಗುವಿನ ಹಕ್ಕು. ಬಾಯಲ್ಲಿ ಮಾತಿಲ್ಲದ ಮಕ್ಕಳಿಗೂ ಹೇಳೋದು ಬೇಕಾದಷ್ಟಿದೆ. ಅವರು ಹೇಳೋ ರೀತಿ ಯಾವುದು ಅಂತ ನಾವು ಕಲಿಯೋಣ.