ರೂಪಮಹಲಿನ ಎಡಗೈ ಹೀರೋ

"ಹಲ್ಲು ಕಿಸೀಬ್ಯಾಡಲೇ ಸೂಳಿಮಗನ. ಹೇಳಿಕೊಟ್ಟದ್ದು ತಲಿಗೆ ಹೋತೋ ಇಲ್ಲೋ? ಇನ್ನೊಮ್ಮೆ ಒದರು."

ಮಠದ ಮ್ಯಾನೇಜರ್ ಶಿವಮೂರ್ತಯ್ಯ ಪಾಠ ಒಪ್ಪಿಸಿಕೊಳ್ಳುತ್ತಿದ್ದ. ಮುದುಕ ನಾಗಲಿಂಗ ಕೈಕಟ್ಟಿ ಒದರಿದ: "ನಾ ಬಾಲ್ಕನ್ಯಾಗ ಕುಂತು ಪುಕ್ಕಟೆ ಪಿಚ್ಚರ್ ನೋಡ್ತಿದ್ದೆರಿ. ಇಲ್ಲಿ ಯಾರೂ ವಾಸ ಇದ್ದಿಲ್ರಿ."

"ಹಾಂ. ಹಂಗಂದ್ರ ಹೊಸಾ ಕಟ್ಟಡದ ಗೇಟಿನ ಬಾಜೂ ಖೋಲಿ ನಿಂದು. ಇಲ್ಲಾಂದ್ರ ಗಂಟುಮೂಟಿ ಸೀದಾ ರಸ್ತೇದಾಗ."

ಸಾರನಾಥದ ರಸ್ತೆಯ ರೂಪಮಹಲ್ ಟಾಕೀಸು ಮುಚ್ಚಿ ಹದಿನೈದು ವರ್ಷವಾಗಿತ್ತು. ಜಾಗ ಮಠದ್ದು. ಅದನ್ನು ಕೆಡವಿ ಕರ್ನಾಟಕದ ಭಕ್ತರಿಗೆ ಯಾತ್ರಿನಿವಾಸ ಕಟ್ಟುವುದೆಂದು ತೀರ್ಮಾನವಾಗಿತ್ತು. ಕೆಡವುವ ಮುಂಚೆ ಇತಿಹಾಸ ಬರೆಸುವುದು ದೊಡ್ಡವರ ಪದ್ಧತಿ. ಹಾಗಾಗಿ ಯುನಿವರ್ಸಿಟಿಯಿಂದ ಪ್ರೊಫೆಸರ್ ವಿನೋದಾ ಬರುವವರಿದ್ದರು. ಇತಿಹಾಸಕ್ಕೆ ಒಂದೇ ತೊಡಕು. ಪರದೆಯ ಹಿಂದಿನ ಖೋಲಿಯಲ್ಲಿ ಕಸಗುಡಿಸುವ ನಾಗಲಿಂಗ ಮತ್ತು ಅವನ ಹೆಂಡತಿ ನೀಲಾ ನಲವತ್ತೈದು ವರ್ಷದಿಂದ ಸಂಸಾರ ಮಾಡಿಕೊಂಡಿದ್ದರು. ಯಾರಾದರೂ ವಾಸವಿದ್ದಾರೆಂದು ಬರಹದಲ್ಲಿ ಬಂದರೆ ಕೆಡವಲು ಪರವಾನಗಿ ಸಿಗುವುದಿಲ್ಲವೆಂದು ವಕೀಲ ಹೇಳಿದ್ದ.

ನಾಗಲಿಂಗನ ಅಪ್ಪ ಮಠದ ಕಕ್ಕಸು ಬಳಿಯಲು ವಿಜಯಪುರದ ಕಡೆಯಿಂದ ಬಂದವನು. ಮಗ ಟಾಕೀಸಿಗೆ ಸೇರಿದ. ಅವನು ಕೂತರೆ ಕುರ್ಚಿ ತೊಳೆಯಬೇಕಾಗುತ್ತದೆಂದು ಅಂದು ಟಾಕೀಸು ನಡೆಸುತ್ತಿದ್ದ ಸೇಠ್ ಅವನನ್ನು ಪರದೆಯ ಹಿಂದಕ್ಕೆ ಅಟ್ಟಿದ್ದ. ಬಟ್ಟೆಯ ಪರದೆ, ಹಿಂದಿನಿಂದಲೂ ಪಿಚ್ಚರ್ ಚೆನ್ನಾಗಿಯೇ ಕಾಣುತ್ತಿತ್ತು.

ವಿನೋದಾ ಬಂದು, ರೆಕಾರ್ಡ್ ಮಾಡಲು ಮೊಬೈಲನ್ನು ಅವನ ಮುಂದೆ ಹಿಡಿದರು. ನಾಗಲಿಂಗ ಬಾಲ್ಕನಿಯ ಪಾಠ ಒಪ್ಪಿಸಿದ. "ಅಜ್ಜ, ಬಾಲ್ಕನಿಯಲ್ಲಿ ಕೂತು ನೋಡಿದ್ದರಲ್ಲಿ ಮರೆಯೋಕೇ ಆಗದ ಒಂದು ಸೀನ್ ಹೇಳಿ."

ನಾಗಲಿಂಗನ ಮುಖ ಅರಳಿತು. "ಹೀರೋ ಜೇಲಿನಿಂದ ಬಂದು ತಾಯಿಗೆ ತುತ್ತು ತಿನಸ್ತಾನ್ರಿ, ಎಡಗೈಲೆ. ನಾನೂ ನೀಲಾನೂ ಗೊಳೋ ಅಂತ ಅತ್ತೀವ್ರಿ."

"ತಾಯಿಗೆ ಎಡಗೈಲಿ ತಿನ್ನಿಸ್ತಾನಾ?"

"ಹೀರೋಗೋಳೆಲ್ಲಾ ಎಡಚರ ಅಲ್ಲೇನ್ರಿ ಅವ್ವಾರ! ಎಡಗೈಲೆ ಉಣ್ತಾರ, ಎಡಗೈಲೆ ಹೊಡೀತಾರ. ನನ್ನ ಮಗಾನೂ ಹೀರೋ ಆಗ್ಲಿ ಅಂತ ಎಡಗೈಲೆ ಬರಿಯಾಕ ಕಲಿಸಿದ್ದೆ. ಸಾಲ್ಯಾಗ ಮಾಸ್ತರ ಬೆರಳು ಮುರದ."

ವಿನೋದಾ ನಕ್ಕರು. ನಗು ಅರ್ಧಕ್ಕೇ ನಿಂತಿತು. "ಅಜ್ಜ, ಮುಂದೆ ಕೂತವರಿಗೆ ಅದು ಬಲಗೈ. ನೀವು ಪರದೆ ಹಿಂದಿನಿಂದ ನೋಡಿದೀರಿ."

ಹಿಂದಕ್ಕೆ ಅಟ್ಟಿದ್ದು ಅವಮಾನವೆಂದು ನಾಗಲಿಂಗನಿಗೆ ಗೊತ್ತಿತ್ತು. ಅಲ್ಲಿಂದ ಕಂಡದ್ದೆಲ್ಲ ಉಲ್ಟಾ ಎಂದು ಇವತ್ತೇ ಗೊತ್ತಾದದ್ದು. ಮಗನ ಮುರಿದ ಬೆರಳು ನೆನಪಾಯಿತು.

"ಅರವತ್ತಕ್ಕ ಅರಳು ಮರಳು, ಮೇಡಂ," ಎಂದು ಶಿವಮೂರ್ತಯ್ಯ ನಡುವೆ ಬಂದ. ಮುದುಕನ ಕಿವಿಯಲ್ಲಿ, "ಬಾಲ್ಕನಿ ಅನ್ನಲೇ ಭಾಡ್ಯಾ. ಖೋಲಿ ಬೇಕೋ ಬ್ಯಾಡೋ?" ಎಂದು ಹಲ್ಲು ಕಡಿದ.

ನಾಗಲಿಂಗ ಸೀದಾ ಪರದೆಯ ಹಿಂದಿನ ಬಾಗಿಲಿಗೆ ಹೋಗಿ ದೂಡಿದ. ಒಳಗೆ ಸ್ಟೋವ್ ಉರಿಯುತ್ತಿತ್ತು. ಹಗ್ಗದ ಮೇಲೆ ಸೀರೆ, ಗೋಡೆಯಲ್ಲಿ ಮೊಮ್ಮಕ್ಕಳ ಫೋಟೋ.

"ನೀಲಾ, ಮಂದಿ ಬಂದಾರ. ಚಾ ಇಡು."

ವಿನೋದಾ ಮೊಬೈಲು ಹಿಡಿದೇ ಹಿಂದೆ ಬಂದರು. ಅವರನ್ನು ದಾಟಿಕೊಂಡು ಶಿವಮೂರ್ತಯ್ಯ ನುಗ್ಗಿದ. ನಾಗಲಿಂಗ ಹೊಸ್ತಿಲಿಗೆ ಅಡ್ಡ ನಿಂತ.

"ಚಪ್ಪಲಿ ಹೊರಗ ಬಿಡ್ರಿ ಸಾಹೇಬ್ರ. ಇದು ನಮ್ಮನಿ."

ವಿನೋದಾ ಚಪ್ಪಲಿ ಬಿಟ್ಟು ಒಳಗೆ ಹೋದರು. ಶಿವಮೂರ್ತಯ್ಯ ಬಿಡಲಿಲ್ಲ. ನಾಗಲಿಂಗ ಅವನ ಮುಖದ ಮೇಲೆ ಬಾಗಿಲು ಹಾಕಿ, ಒಳಗಿನಿಂದ ಅಗಳಿ ಜಡಿದ.