ಮೇಜಿಗೊಂದು ಸಿಹಿ

ಅಪ್ಪನನ್ನು ಮಣ್ಣು ಮಾಡಿ ಮಂಗೋಲಿಯಾದಿಂದ ಮರಳಿದ ಓಯುನ್, ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಕಚೇರಿಗೆ ಬಂದಳು. ರಜೆ ಹಾಕಿದವರು ಸಿಹಿ ತಂದು, ತೊಂದರೆ ಕೊಟ್ಟೆನೆಂದು ತಲೆಬಾಗಿ ಮೇಜಿಗೊಂದು ಇಡಬೇಕು, ಅದು ಅಲ್ಲಿನ ರೂಢಿ. ಹಮಾಮತ್ಸುವಿನ ಆ ಪಂಪ್ ಕಾರ್ಖಾನೆಯಲ್ಲಿ ನಾಲ್ಕು ವರ್ಷ ನಕ್ಷೆ ಬರೆದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ಕರಾರು ಈ ತಿಂಗಳಿಗೆ ಮುಗಿಯುತ್ತಿತ್ತು. ಅದು ಮುಂದುವರಿದರೆ ಮಾತ್ರ ಜಪಾನಿನಲ್ಲಿ ಉಳಿಯಲು ಅನುಮತಿ.

"ಆರು ದಿನ ತೊಂದ್ರೆ ಕೊಟ್ಟೆ," ಎಂದು, ಎಲ್ಲರೂ ಬಂದ ಮೇಲೆ, ಹನ್ನೆರಡು ಮೇಜಿಗೂ ಸಿಹಿ ಇಟ್ಟು ಬಾಗಿದಳು.

"ಏನ್ ತೊಂದ್ರೆ ಬಿಡಿ, ಓಯುನ್ ಸಾನ್," ಎಂದ ಪಕ್ಕದ ಮೇಜಿನ ಹಮಾನೊ. "ನಿಮ್ಮ ನಕ್ಷೆಗಳನ್ನ ನಾವೇ ಹಂಚ್ಕೊಂಡು ಮುಗಿಸಿದ್ವಿ. ಅಳ್ತಾ ಇರೋರಿಗೆ ಫೋನ್ ಮಾಡಬಾರ್ದು ಅಂತ ಮಾತಾಡ್ಕೊಂಡಿದ್ವಿ."

ಅವಳ ಕಣ್ಣು ತುಂಬಿ ಬಂತು.

ಮಧ್ಯಾಹ್ನ ವಿಭಾಗದ ಮುಖ್ಯಸ್ಥ ಕುವಾಬಾರಾ ಅವಳನ್ನು ಒಳಗೆ ಕರೆದು, ತಾನೇ ಚಹಾ ಬಗ್ಗಿಸಿಕೊಟ್ಟ.

"ಸಿಹಿ ಚೆನ್ನಾಗಿತ್ತು. ನಮ್ಮವರನ್ನ ಮೆಚ್ಚಬೇಕು ನೋಡಿ, ಆರು ದಿನದಲ್ಲಿ ಒಂದು ಕೆಲ್ಸಾನೂ ತಡ ಆಗ್ಲಿಲ್ಲ. ಮೇಲಿನವ್ರೂ ಅದನ್ನ ಗಮನಿಸಿದ್ರು." ಅವನು ಬಟ್ಟಲನ್ನು ಅವಳತ್ತ ಸರಿಸಿದ. "ಹಾಗಾಗಿ ನಿಮ್ಮ ಜಾಗಕ್ಕೆ ಇನ್ನು ಯಾರೂ ಬೇಡ ಅಂತ ತೀರ್ಮಾನ ಆಯ್ತು. ತಿಂಗಳ ಕೊನೇವರೆಗೂ ಬನ್ನಿ."

ಓಯುನ್ ಚಹಾ ಕುಡಿದು ಮುಗಿಸಿ, ಎದ್ದು ಬಾಗಿ ಹೊರಬಂದಳು.

"ಬೈದ್ರಾ?" ಎಂದ ಹಮಾನೊ.

"ಇಲ್ಲ, ನಿಮ್ಮನ್ನೆಲ್ಲ ಹೊಗಳಿದ್ರು."

ಅವನ ಮುಖ ಅರಳಿತು. "ಹಾಗಾದ್ರೆ ಇನ್ನೊಂದು ಸಿಹಿ ಕೊಡಿ, ಇದ್ರೆ."

ಡಬ್ಬಿಯಲ್ಲಿ ಅವಳ ಪಾಲಿನದೊಂದು ಉಳಿದಿತ್ತು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮೇಜಿನ ಮೇಲಿಟ್ಟಳು.