ರಂಭಾಬಾಯಿಯ ಹೂಂ

ನಿಲಂಗಾದಲ್ಲಿ ಆ ಕಾಲಕ್ಕೆ ಎರಡು ಗಂಟಲುಗಳಿಗೆ ಮರ್ಯಾದೆ ಇತ್ತು. ಒಂದು ತಹಶೀಲಿನ ಡಂಗುರದವನದು. ಅದಕ್ಕೆ ನಿಜಾಮ ಸರ್ಕಾರ ಸಂಬಳ ಕೊಡುತ್ತಿತ್ತು. ಇನ್ನೊಂದು ಕಲ್ಯಾಣಪ್ಪನದು. ಧಾನ್ಯದ ಪೇಟೆಯಲ್ಲಿ ಜೋಳ, ತೊಗರಿಯ ಲಿಲಾವು ಕೂಗುವುದು ಅವನ ಕಸುಬು. ಆದರೆ ಊರು ಅವನನ್ನು ತಲೆಯ ಮೇಲೆ ಹೊತ್ತುಕೊಂಡದ್ದು ಫುಟ್‌ಬಾಲಿನ ದೆಸೆಯಿಂದ. ಇಪ್ಪತ್ತು ವರ್ಷ ಆ ಊರಿನ ಒಂದೊಂದು ಆಟವನ್ನೂ ಅವನು ಬಾಯಿಂದ ಹೇಳಿದ್ದ. ಮೈದಾನದ ಸುತ್ತ ಕಣ್ಣು ಬಿಟ್ಟುಕೊಂಡು ನಿಂತ ಗಂಡಸರಿಗಲ್ಲ. ಗೋಡೆಯಾಚೆ ಕೂತ ಹೆಂಗಸರಿಗೆ.

ಅದು ಅಡತಿ ವ್ಯಾಪಾರಿ ವಿಶ್ವನಾಥಪ್ಪನವರ ವಾಡೆಯ ಹಿತ್ತಲ ಗೋಡೆ. ಮೈದಾನ ಅದಕ್ಕೆ ಅಂಟಿಕೊಂಡೇ ಇತ್ತು. ಆಟದ ದಿನ ಊರಿನ ಹೆಂಗಸರೆಲ್ಲ ಆ ಹಿತ್ತಲಿನ ಬೇವಿನ ನೆರಳಿಗೆ ಜಮಾಯಿಸಿ, ತೊಗರಿ ಹಸನು ಮಾಡುತ್ತ ಕೂರುವರು. ಹೊಟ್ಟೆಯಲ್ಲಿ ಹುಟ್ಟಿದ ಮಗ ಹತ್ತು ಮಾರು ದೂರದಲ್ಲಿ ಬಿದ್ದು ಎದ್ದು ಓಡುತ್ತಿದ್ದರೂ ಗೋಡೆಯ ಮೇಲೆ ತಲೆ ಎತ್ತಿ ನೋಡುವುದು ಮನೆತನಕ್ಕೆ ಶೋಭೆಯಲ್ಲವಂತೆ. ಹಾಗೆಂದವನ ಮಗ ಯಾವತ್ತೂ ಚೆಂಡು ಒದ್ದಿರಲಿಕ್ಕಿಲ್ಲ.

ಮೊದಮೊದಲು ಕಲ್ಯಾಣಪ್ಪ ಗೋಡೆಗೆ ಹೊಂದಿದ ಕಲ್ಲುಕಟ್ಟೆ ಹತ್ತಿ ಆಟಗಾರರ ಹೆಸರನ್ನೇ ಕೂಗುತ್ತಿದ್ದ. ಅವನು "ಮಲ್ಲಣ್ಣ ಒಯ್ದ" ಅಂದರೆ ಆಚೆಯಿಂದ "ಯಾರ ಮಗಾರೀ?" ಎಂದು ಬರುತ್ತಿತ್ತು. ಊರಲ್ಲಿ ಮಲ್ಲಣ್ಣರಿಗೇನು ಬರಗಾಲ? ಅವನು ಉತ್ತರ ಕೊಡುವಷ್ಟರಲ್ಲಿ ಚೆಂಡು ಮೂರು ಕಾಲು ದಾಟಿರುತ್ತಿತ್ತು. ಕೊನೆಗೆ ತಲೆಕೆಟ್ಟು ಅವನು ನೇರ ತಾಯಂದಿರ ಹೆಸರಿಗೇ ಕೈ ಹಾಕಿದ. "ಕುಸುಮಬಾಯಿ ಮಗ ಒಯ್ದ, ಉಮಾಬಾಯಿ ಮಗಗ ಕೊಟ್ಟ, ಉಮಾಬಾಯಿ ಮಗ ಒದ್ದ." ಹೆಸರು ಕಿವಿಗೆ ಬಿದ್ದ ತಾಯಿ, ಕಥೆ ಕೇಳುವವರ ಹಾಗೆ, ಗೋಡೆಯಾಚೆಯಿಂದ "ಹೂಂ" ಅನ್ನುವಳು. ಹೂಂ ಬಂದರೆ ಕಲ್ಯಾಣಪ್ಪನಿಗೆ ಇನ್ನಷ್ಟು ಹುರುಪು.

ತೊಟ್ಟಿಲಲ್ಲಿ ಇಟ್ಟ ಹೆಸರು ಮದುವೆಯಾದ ಮೇಲೆ ಸೀರೆಯ ಮಡಿಕೆಯೊಳಗೆ ಸೇರಿ ಪೆಟ್ಟಿಗೆಯಲ್ಲೇ ಉಳಿಯುತ್ತಿದ್ದ ಕಾಲ ಅದು. ಗಂಡಸರಿಗೆ ಸಿಟ್ಟು ಬಂತು. ವಿಶ್ವನಾಥಪ್ಪನೇ ಮುಂದಾಗಿ, "ಬಜಾರದಾಗ ಹೆಂಗಸರ ಹೆಸರು ಕೂಗೋದು ಎಂಥಾ ರಿವಾಜಪ್ಪಾ ಇದು?" ಎಂದು ಗದರಿದ. ಆಗಲಿ ಎಂದು ಕಲ್ಯಾಣಪ್ಪ ಒಂದು ಆಟಕ್ಕೆ ತಂದೆಯರ ಹೆಸರು ಹಿಡಿದು ಹೇಳಿದ. ಆ ವಾರ ಊರಿನ ಬಹಳ ಮನೆಗಳಲ್ಲಿ ರೊಟ್ಟಿ ಸೀದವು, ಪಲ್ಯಕ್ಕೆ ಉಪ್ಪು ಬೀಳಲಿಲ್ಲ. ಅದೇ ವಿಶ್ವನಾಥಪ್ಪ ಪೇಟೆಗೆ ಬಂದು, "ನಿನ್ನ ಪದ್ಧತಿನೇ ಇರಲಿ ಮಾರಾಯಾ," ಎಂದು ಕೈ ಮುಗಿದ.

ಹೀಗೆ ಊರಿನ ತಾಯಂದಿರ ಹೆಸರೆಲ್ಲ ಬಯಲಿಗೆ ಬಂದವು, ಒಬ್ಬಳದರ ಹೊರತು. ಅವಳು ಕಲ್ಯಾಣಪ್ಪನ ತಾಯಿ ರಂಭಾಬಾಯಿ. ಗಂಡ ತೀರಿದ ಮೇಲೆ ಅವರಿವರ ಮನೆಯ ಜೋಳ ಬೀಸಿ ಮಗನನ್ನು ಸಾಕಿದವಳು. ಊರಿಗೆಲ್ಲ ಅವಳು "ಬೀಸೋ ಮುದುಕಿ". ಒಬ್ಬನೇ ಮಗ, ಅವನೂ ಚಿಕ್ಕಂದಿನಲ್ಲಿ ಹುಣಸೇಮರದಿಂದ ಬಿದ್ದು ಬಲಗಾಲು ಕೆಡಿಸಿಕೊಂಡಿದ್ದ. ಮೊಣಕಾಲು ಮಡಚುತ್ತಲೇ ಇರಲಿಲ್ಲ. ಅಂಥವನು ಚೆಂಡು ಮುಟ್ಟುವುದೆಲ್ಲಿ, ತಾಯಿಯ ಹೆಸರು ಬರುವುದೆಲ್ಲಿ. ಆದರೂ ಒಂದು ಆಟ ತಪ್ಪಿಸದೆ ಆಕೆ ಹಿತ್ತಲಿನ ಬೀಸುಕಲ್ಲಿಗೆ ಒರಗಿ ಕೂತು, ಮಗ ಬೇರೆಯವರ ಹೆಸರು ಮೆರೆಸುವುದನ್ನು ಕೇಳುತ್ತಿದ್ದಳು.

ಒಂದು ಸಲ ಚೆಂಡು ಗೆರೆ ದಾಟಿ ಬಂದು ಕಲ್ಯಾಣಪ್ಪ ನಿಂತ ಕಟ್ಟೆಗೆ ಬಡಿಯಿತು. ಇದೇ ಸಮಯ ಎಂದು ಅವನು, "ರಂಭಾಬಾಯಿ ಮಗನ ಕಡೆ ಬಂತು," ಎಂದು ಕೂಗಿಬಿಟ್ಟ. ಆಚೆಯಿಂದ ಹೂಂ ಬರಲಿಲ್ಲ. ಮನೆಗೆ ಬಂದರೆ ತಾಯಿ ಬಾಗಿಲಲ್ಲೇ ಹಿಡಿದಳು.

"ನಿನ್ನ ಕಾಲಿಗಿ ತಾಕಿತ್ತೇನು?"

"ಇಲ್ಲವ್ವಾ, ಕಟ್ಟಿಗಿ ಬಡೀತು."

"ಹಂಗಾದ್ರ ಆ ಕಟ್ಟೀ ಅವ್ವಗ ಹೂಂ ಅನ್ನಂತ ಹೇಳು. ಪುಕ್ಕಟ್ ಹೆಸರು ನನಗ ಬ್ಯಾಡ."

ಆಮೇಲೆ ಅವನು ಆ ತಂಟೆಗೆ ಹೋಗಲಿಲ್ಲ. ಆದರೆ ಮನಸ್ಸಿನಲ್ಲಿ ಅದೊಂದು ಮುಳ್ಳು ಮುರಿದು ಕೂತಿತು. ಊರಿನ ತಾಯಂದಿರಿಗೆಲ್ಲ ಕೊಟ್ಟದ್ದನ್ನು ಹೆತ್ತವಳಿಗೆ ಕೊಡಲಾಗಲಿಲ್ಲವಲ್ಲ ಎಂದು ಎಷ್ಟೋ ಸಲ ಊಟ ಸೇರುತ್ತಿರಲಿಲ್ಲ.

ಈಗ ಗಂಟಲೂ ಕೈಕೊಟ್ಟಿತ್ತು. ಇನ್ನು ಕೂಗಿದರೆ ಮನೆಯಲ್ಲಿ ನೀರು ಕೇಳುವುದಕ್ಕೂ ದನಿ ಉಳಿಯುವುದಿಲ್ಲ ಎಂದು ಹಕೀಮ ಹೇಳಿಬಿಟ್ಟಿದ್ದ. ಉದಗೀರದವರ ಜೊತೆಗಿನ ಆಟವೇ ಕೊನೆಯದು ಎಂದು ಊರಿಗೆಲ್ಲ ಸುದ್ದಿಯಾಯಿತು. ನಿಲಂಗಾ ಹುಡುಗರ ಮುಖಂಡ, ಕುಸುಮಬಾಯಿಯ ಕಿರಿಯ ಮಗ ಮಲ್ಲಣ್ಣ, ತಹಶೀಲಿಗೆ ಆಟಗಾರರ ಹೆಸರು ಕೊಡುವಾಗ ಹನ್ನೆರಡನೆಯದಾಗಿ ಕಲ್ಯಾಣಪ್ಪನ ಹೆಸರು ಸೇರಿಸಿದ. ಬರೀ ಮರ್ಯಾದೆಗೆ. ಕಲ್ಯಾಣಪ್ಪ ನಕ್ಕುಬಿಟ್ಟಿದ್ದ. ಹೆಸರು ಕೊಟ್ಟವರ ಹೊರತು ಬೇರೆ ಯಾರೂ ಮೈದಾನಕ್ಕೆ ಇಳಿಯುವಂತಿಲ್ಲ ಎಂಬ ಕಟ್ಟಳೆ ಆಗ ಯಾರ ತಲೆಗೂ ಬಂದಿರಲಿಲ್ಲ.

ಆಟದ ದಿನ ಹಿತ್ತಲಲ್ಲಿ ಕಾಲಿಡಲು ಜಾಗವಿರಲಿಲ್ಲ. ದೂರದ ಕಾಸಾರಶಿರಸಿಯಿಂದಲೂ ಬಂಡಿ ಕಟ್ಟಿಕೊಂಡು ಬಂದವರಿದ್ದರು. ಕಲ್ಯಾಣಪ್ಪ ಹಣೆಗೆ ವಿಭೂತಿ ಹಚ್ಚಿ, ಹೊಸ ರುಮಾಲು ಸುತ್ತಿ ಕಟ್ಟೆ ಹತ್ತಿದ. ಒಡಕು ಗಂಟಲಲ್ಲೇ ಎಂಥ ಕಳೆ! ಉಮಾಬಾಯಿಯ ಕಿರಿಯ ಮಗ ಗೋಲು ಹೊಡೆದಾಗ ಹಿತ್ತಲಿನಿಂದ ಎದ್ದ ಹೂಂಕಾರಕ್ಕೆ ಬೇವಿನ ಮೇಲಿನ ಕಾಗೆಗಳು ಹಾರಿಹೋದವು.

ಆಟ ಮುಗಿಯಲು ಇನ್ನು ಸ್ವಲ್ಪವೇ ಉಳಿದಿತ್ತು. ನಿಲಂಗಾ ಒಂದು ಗೋಲು ಮುಂದಿತ್ತು. ಅಷ್ಟರಲ್ಲಿ ಗೋಲು ಕಾಯುತ್ತಿದ್ದ ಪ್ರಯಾಗಬಾಯಿಯ ಮಗ ದಿಗಂಬರ, ಉದಗೀರದ ಉದ್ದನೆಯ ಹುಡುಗನಿಗೆ ಡಿಕ್ಕಿ ಹೊಡೆದು ಬಿದ್ದ. ತೋಳು ಕೀಲು ತಪ್ಪಿತ್ತು. ಅವನನ್ನು ಎತ್ತಿ ಹೊರಗೆ ಕೂರಿಸಿ, ಮಲ್ಲಣ್ಣ ಕಟ್ಟೆಯ ಹತ್ತಿರ ಓಡಿಬಂದ.

"ಕಾಕಾ, ಇಳೀರಿ. ಗೋಲಿನಾಗ ನಿಂದ್ರಬೇಕು. ಹನ್ನೆರಡನೇ ಹೆಸರು ನಿಮ್ದೇ ಅದ."

"ಹುಚ್ಚು ಹಿಡದದೇನೋ? ನನ್ನ ಕಾಲು ನೋಡು."

"ಹತ್ತು ಮಂದಿ ಆಡೋದಕ್ಕಿಂತ ಹತ್ತೂವರಿ ಮಂದಿ ಛಲೋ, ಕಾಕಾ."

ಉದಗೀರದ ಮುಖಂಡ ನಗುತ್ತ, "ನಿಂದ್ರಲಿ, ನಿಂದ್ರಲಿ. ನಮ್ದೇನು ಹರ್ಕತ್ ಇಲ್ಲ," ಎಂದ. ಆ ನಗು ಕಲ್ಯಾಣಪ್ಪನ ಎದೆಗೆ ನಾಟಿತು. ಅದಕ್ಕಿಂತ ಇನ್ನೊಂದು ಹೆದರಿಕೆ ದೊಡ್ಡದಾಗಿತ್ತು. ಇಂದು ತಾಯಿಯ ಹೆಸರು ಬಂದೇ ಬರುತ್ತದೆ. ಆದರೆ ಚೆಂಡು ಒಳಗೆ ಹೋದರೆ "ರಂಭಾಬಾಯಿ ಮಗ ಬಿಟ್ಟ" ಎಂದೇ ಬರಬೇಕು. ಒಂದೇ ಒಂದು ಸಲ ಬರುವ ಹೆಸರು ಹಾಗೆ ಬಂದರೆ ಅವಳ ಮುಂದೆ ಹೇಗೆ ನಿಲ್ಲುವುದು? ನುಣುಚಿಕೊಳ್ಳಲು ಅವನು ಒಂದು ದಾರಿ ಹುಡುಕಿದ.

"ನಾ ಇಳದ್ರ ಆಟ ಹೇಳೋರು ಯಾರು?"

"ನೀ ಹೋಗು ಕಲ್ಯಾಣಪ್ಪ. ಹೇಳೋದು ನಾ ನೋಡ್ಕೋತೀನಿ," ಎಂದಿತು ಗೋಡೆಯಾಚೆಯ ದನಿ. ವಿಶ್ವನಾಥಪ್ಪನ ಹೆಂಡತಿ ಶೇವಂತಾಬಾಯಿಯದು.

ಹಿತ್ತಲಲ್ಲಿ ಬಂಡಿಯೊಂದನ್ನು ಗೋಡೆಯ ಬುಡಕ್ಕೆ ಎಳೆದ ಸದ್ದಾಯಿತು. ಬಳೆಗಳ ಸದ್ದಾಯಿತು. ಆಮೇಲೆ ಗೋಡೆಯ ಮೇಲೆ ಸೆರಗು ಹೊದ್ದ ಒಂದು ತಲೆ ಎದ್ದಿತು. ಆಟ ನೋಡಲು ಬಂದಿದ್ದ ತಹಶೀಲದಾರರ ಪಕ್ಕದ ಕುರ್ಚಿಯಲ್ಲಿದ್ದ ವಿಶ್ವನಾಥಪ್ಪ ಹೆಂಡತಿಯನ್ನು ನೋಡಿದ, ತಹಶೀಲದಾರರನ್ನು ನೋಡಿದ, ಸೀದ ರೊಟ್ಟಿಗಳನ್ನು ನೆನೆದ, ತನ್ನ ಜೋಡುಗಳನ್ನು ನೋಡುತ್ತ ಕೂತುಬಿಟ್ಟ.

ಶೇವಂತಾಬಾಯಿ ಸೆರಗು ಹಿಂದಕ್ಕೆ ಸರಿಸಿ ಕಣ್ಣರಳಿಸಿದಳು. ಇಪ್ಪತ್ತು ವರ್ಷ ಕಿವಿಯಿಂದ ನೋಡಿದ ಮೈದಾನ ಕಣ್ಣೆದುರು ಬಿದ್ದುಕೊಂಡಿತ್ತು. "ಅಯ್ಯ, ಚೆಂಡು ಇಷ್ಟೇ ಅದ ಏನ್," ಎಂದಳು. ಮರುಗಳಿಗೆಗೆ ಕಲ್ಯಾಣಪ್ಪನ ವರಸೆಯಲ್ಲೇ ಶುರುಮಾಡಿದಳು: "ಕುಸುಮಬಾಯಿ ಮಗ ಒಯ್ದ. ಉಮಾಬಾಯಿ ಮಗಗ ಕೊಟ್ಟ. ಅಯ್ಯ, ಕಳಕೊಂಡ. ಉದಗೀರದ ಉದ್ದನ್ನವ ಕಸ್ಕೊಂಡಾನ."

ಕಲ್ಯಾಣಪ್ಪ ಗೋಲಿನ ಕಂಬಗಳ ನಡುವೆ ಹೋಗಿ ನಿಂತಿದ್ದ. ಕಟ್ಟೆಯ ಮೇಲಿಂದ ಅಷ್ಟು ಸಣ್ಣಗೆ ಕಾಣುತ್ತಿದ್ದ ಗೋಲು ಈಗ ಊರ ಅಗಸೆಬಾಗಿಲಿನಷ್ಟು ಅಗಲವಾಗಿತ್ತು. ಉದ್ದನೆಯವನು ಇಬ್ಬರನ್ನು ದಾಟಿದ, ಮೂರನೆಯವನನ್ನೂ ದಾಟಿದ. ಇನ್ನು ಅವನಿಗೂ ಗೋಲಿಗೂ ನಡುವೆ ಒಬ್ಬ ಕುಂಟ ಮಾತ್ರ. ಅವನು ಕಾಲೆತ್ತಿ ಒದ್ದ.

ಕಲ್ಯಾಣಪ್ಪ ಎಡಕ್ಕೆ ಹಾರಲು ಹೋಗಿ ಧೊಪ್ಪೆಂದು ಬಿದ್ದ. ರುಮಾಲು ಒಂದು ಕಡೆ, ಮೈ ಒಂದು ಕಡೆ. ಬಲಗಾಲು ಮಾತ್ರ, ಮಡಚಲು ಬಾರದ ಆ ಹಟಮಾರಿ ಕಾಲು, ನೆಟ್ಟ ಗೂಟದ ಹಾಗೆ ಮೇಲೆದ್ದು ನಿಂತಿತು. ಒಳ್ಳೆಯ ಕಾಲಾಗಿದ್ದರೆ ಮಡಚುತ್ತಿತ್ತು, ಚೆಂಡು ಒಳಗೆ ಹೋಗುತ್ತಿತ್ತು. ಈ ಕಾಲಿಗೆ ಬಡಿದ ಚೆಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹಾರಿ, ಮಲ್ಲಣ್ಣನ ಮುಂದೆ ಬಿತ್ತು. ಅವನು ಅದನ್ನು ಮೈದಾನದಾಚೆಯ ತೊಗರಿ ಹೊಲಕ್ಕೆ ಅಟ್ಟಿದ.

"ರಂಭಾಬಾಯಿ..." ಎಂದು ಶುರುಮಾಡಿದಳು ಶೇವಂತಾಬಾಯಿ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಕೂಗಿದಳು. "ರಂಭಾಬಾಯಿ ಮಗ ತಡದ."

ಎಲ್ಲರಿಗೂ ಆ ಪದ್ಧತಿ ಗೊತ್ತಿತ್ತು; ಎಲ್ಲರೂ ಗೋಡೆಯ ಕಡೆ ತಿರುಗಿದರು. ಹೂಂ ಬರಲಿಲ್ಲ. ಮಣ್ಣಲ್ಲಿ ಬಿದ್ದಿದ್ದ ಕಲ್ಯಾಣಪ್ಪನಿಗೆ ಏಳಲು ಧೈರ್ಯವಾಗಲಿಲ್ಲ. ಇದೂ ಪುಕ್ಕಟೆಯದೆಂದು ತಿಳಿದಳೋ ಏನೋ ಎಂದು ಅವನ ಜೀವ ಹಾರಿತು. ಅಷ್ಟರಲ್ಲಿ ಬೀಸುಕಲ್ಲಿನ ಕಡೆಯಿಂದ ಮುದಿ ದನಿಯೊಂದು ಕೇಳಿತು.

"ಕಾಲಿಗಿ ತಾಕಿತ್ತೇನು?"

"ತಾಕ್ಯಾದ ಅವ್ವಾ," ಎಂದಳು ಶೇವಂತಾಬಾಯಿ, ಈಗ ಅಳುವನ್ನು ಮುಚ್ಚಿಡದೆ. "ಕಾಲಿಗೇ ತಾಕ್ಯಾದ. ಆ ಕಾಲಿಗೇ."

ಆಟ ನಡೆಸುತ್ತಿದ್ದ ಡ್ರಿಲ್ ಮಾಸ್ತರ ಸೀಟಿ ಊದಿದ್ದು, ನಿಲಂಗಾ ಗೆದ್ದದ್ದು, ಹುಡುಗರು ತನ್ನನ್ನು ಹೆಗಲ ಮೇಲೆ ಹೊತ್ತು ಮೆರೆಸಿದ್ದು, ಇದನ್ನೆಲ್ಲ ಕಲ್ಯಾಣಪ್ಪನಿಗೆ ಆಮೇಲೆ ಬೇರೆಯವರು ಹೇಳಬೇಕಾಯಿತು. ಆ ಹೊತ್ತಿನಲ್ಲಿ ಅವನ ಕಿವಿಗೆ ಬಿದ್ದದ್ದು ಒಂದೇ. ಜೋಳ ಬೀಸಿ ಬೀಸಿ ಗಟ್ಟಿಯಾದ ಎದೆಯಿಂದ, ಇಪ್ಪತ್ತು ವರ್ಷ ತಡೆದು ಇಟ್ಟದ್ದನ್ನೆಲ್ಲ ಸೇರಿಸಿ, ಬಯಲಿನ ಆ ತುದಿಗೂ ಮುಟ್ಟುವ ಹಾಗೆ ರಂಭಾಬಾಯಿ ಅಂದಳು:

"ಹೂಂ."